ತೊಳೆದು ಮುಗೀತು ಅಂದುಕೊಂಡಿದ್ದೆ

ಆವತ್ತು ನಾನು ಗಾಡಿಯನ್ನು ಎರಡೂವರೆ ಗಂಟೆ ತೊಳೆದೆ. ಪಿಕಪ್ಪಿನ ಬಣ್ಣ ಯಾವುದು ಅಂತ ಹೊಸಬರಿಗೆ ಗೊತ್ತಾಗದಷ್ಟು ಕೆಸರು ಮೆತ್ತಿಕೊಂಡಿತ್ತು. ತೊಳೆದು, ಒರೆಸಿ, ಕನ್ನಡಿ ಹಾಗೆ ಮಾಡಿ ಒಂದು ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಅವನು ಹುಡುಗನಾಗಿದ್ದಾಗಿಂದ ಲಾರಿ, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿಯೇ ಬೆಳೆದವನು. ಹೊಗಳುತ್ತಾನೆ ಅಂತ ಕಾದೆ. ಒಂದೇ ಸಾಲು ಬಂತು: "ಮೈ ತೊಳೆದಿದ್ದೀಯ, ಸರಿ. ಕ್ರೌನ್ ಆಯಿಲ್ ನೋಡಿದ್ಯಾ?"

ನೋಡಿರಲಿಲ್ಲ. ನೋಡಬೇಕು ಅಂತಲೂ ಗೊತ್ತಿರಲಿಲ್ಲ. ಆಕ್ಸಲ್ ನಡುವೆ ಹೌಸಿಂಗ್ ಅನ್ನೋ ದುಂಡಗಿನ ಗೂಡು ಇರುತ್ತೆ, ಅದರೊಳಗೆ ಚಕ್ರ ತಿರುಗಿಸುವ ಕ್ರೌನ್ ಅನ್ನೋ ದೊಡ್ಡ ಹಲ್ಲುಚಕ್ರ ಎಣ್ಣೆಯಲ್ಲಿ ತಿರುಗುತ್ತಿರುತ್ತೆ. ಅವನು ಕೇಳಿದ್ದು ಆ ಎಣ್ಣೆಯನ್ನು.

ಹಿಂದಿನ ದಿನ ಆಗಿದ್ದು ಇಷ್ಟು. ಮಳೆ ನಿಂತು ಎರಡು ದಿನ ಆಗಿತ್ತು, ದಾರಿ ಒಣಗಿರುತ್ತೆ ಅಂತ ನಂಬಿ ಒಂದು ಮಣ್ಣಿನ ರಸ್ತೆಗೆ ಇಳಿದೆ. ಅರ್ಧ ಕಿಲೋಮೀಟರ್ ಕೆಸರು, ಆಮೇಲೆ ಒಂದು ಹಳ್ಳ. ಕೆಸರು ಹೇಗೋ ದಾಟಿದೆ. ಹಳ್ಳದ ನಡುವೆ ಹಿಂದಿನ ಎರಡೂ ಚಕ್ರ ಹೂತುಕೊಂಡವು. ನೀರು ಬಂಪರ್ ಮಟ್ಟಕ್ಕಿತ್ತು, ಬಾಗಿಲಿನ ಸಂದಿಯಿಂದ ಒಳಗೆ ಜಿನುಗುತ್ತಿತ್ತು. ಒಂದು ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿ ಎಳೆಯುವ ತನಕ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಅಲ್ಲೇ ಕೂತಿದ್ದೆ. ಎಂಜಿನ್ ಆಫ್ ಆಗಲಿಲ್ಲ, ಅದೊಂದು ಪುಣ್ಯ.

ಪಿಕಪ್ ಅಂದರೆ ಎಂಥ ನೀರಲ್ಲೂ ನುಗ್ಗುತ್ತೆ ಅನ್ನೋ ಧೈರ್ಯ ನಮ್ಮಂಥವರಿಗೆ ಸುಮ್ನೆ ಬಂದುಬಿಡುತ್ತೆ. ಈಗಿನ ಟೊಯೋಟಾ ಹೈಲಕ್ಸ್‌ ಪಿಕಪ್ಪಿಗೆ 700 ಮಿಲಿಮೀಟರ್, ಫೋರ್ಡ್ ರೇಂಜರ್‌ಗೆ 800 ಮಿಲಿಮೀಟರ್ ನೀರಿನ ಆಳ ದಾಟಬಹುದು ಅಂತ ಕಂಪನಿಗಳೇ ಹೇಳುತ್ತವೆ, ನಿಜ. ಆದರೆ ಆ ಅಳತೆ ನಿಧಾನವಾಗಿ ದಾಟಿ ಆಚೆ ಹೋಗುವುದಕ್ಕೆ. ನಡುನೀರಲ್ಲಿ ನಿಂತು ಟ್ರ್ಯಾಕ್ಟರ್ ಬರಲಿ ಅಂತ ಕಾಯುವುದಕ್ಕಲ್ಲ.

ಫೋಟೋ ಕಳಿಸಿದ ಮಾರನೇ ದಿನ ಗಾಡಿ ತೆಗೆದುಕೊಂಡು ಹೊರಟೆ. ಅರವತ್ತು ದಾಟುತ್ತಿದ್ದಂತೆ ಸ್ಟೇರಿಂಗ್ ನಡುಗೋಕೆ ಶುರು. ಎಪ್ಪತ್ತಕ್ಕೆ ಕೈಯೆಲ್ಲ ಜುಮ್ ಅನ್ನುತ್ತಿತ್ತು. ಎಳೆದಾಗ ಏನೋ ಬಗ್ಗಿದೆ, ಅಲೈನ್‌ಮೆಂಟ್ ಹೋಯ್ತು ಅಂತ ಹೊಟ್ಟೆಯೊಳಗೆ ಸಂಕಟ. ನೇರ ಗೆಳೆಯನ ಹತ್ತಿರ ಹೋದೆ. ಅವನು ಗಾಡಿ ಕೆಳಗೆ ತಲೆ ಹಾಕಿದ, ಒಂದು ಕಡ್ಡಿ ತಗೊಂಡು ರಿಮ್ಮಿನ ಒಳಬದಿಗೆ ಚುಚ್ಚಿದ. ಮುಷ್ಟಿ ಗಾತ್ರದ ಹೆಂಟೆ ಉದುರಿತು. ನಾನು ಹೊರಗಿನಿಂದ ಪಳಪಳ ಮಾಡಿದ್ದ ಚಕ್ರದ ಒಳಗೋಡೆಗೆ ಕೆಸರು ಹಾಗೇ ಕಚ್ಚಿಕೊಂಡು, ರಾತ್ರಿಯೆಲ್ಲ ಒಣಗಿ ಇಟ್ಟಿಗೆ ಆಗಿತ್ತು. ಒಂದು ಕಡೆ ಮಾತ್ರ ತೂಕ ಜಾಸ್ತಿ ಆದರೆ ಚಕ್ರ ನಡುಗದೆ ಏನು ಮಾಡುತ್ತೆ? ನಾಲ್ಕೂ ಚಕ್ರ ಕೆರೆದ ಮೇಲೆ ನಡುಕ ಮಾಯ. ಖರ್ಚು ಒಂದು ಕಡ್ಡಿ. ಇಷ್ಟೇ ಅಂತ ಖುಷಿಯಾಗಿ ಹೊರಡೋಕೆ ನೋಡಿದರೆ ಅವನು ಕೀ ಕೊಡಲಿಲ್ಲ.

"ರಾತ್ರಿ ಇಲ್ಲೇ ಬಿಟ್ಟು ಹೋಗು. ನಾಳೆ ಬೆಳಿಗ್ಗೆ ಅಲುಗಾಡಿಸದೆ ಬಿಚ್ಚೋಣ," ಅಂದ. ಕಾರಣ ಸರಳ. ನೀರು ಎಣ್ಣೆಗಿಂತ ಭಾರ. ಗಾಡಿ ಸುಮ್ನೆ ನಿಂತರೆ ಹೌಸಿಂಗ್ ಒಳಗೆ ಸೇರಿದ ನೀರಲ್ಲಿ ಒಂದಿಷ್ಟು ತಳಕ್ಕೆ ಇಳಿಯುತ್ತೆ, ಬೋಲ್ಟ್ ಸಡಿಲ ಮಾಡಿದ ಕೂಡಲೇ ಮೊದಲು ಅದೇ ಹೊರಗೆ ಬರುತ್ತೆ.

ಬೆಳಿಗ್ಗೆ ಹುರುಪಿನಲ್ಲಿ ನಾನೇ ಸ್ಪ್ಯಾನರ್ ಹಿಡಿದು ಹಿಂದಿನ ಹೌಸಿಂಗ್ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಿದೆ. ಕೈಗೊಂದು ಏಟು ಬಿತ್ತು. "ಮೊದಲು ಮೇಲಿನದು ಬಿಚ್ಚು ಮಾರಾಯ." ಎಣ್ಣೆ ತುಂಬುವ ಬೋಲ್ಟು ಪಕ್ಕದಲ್ಲಿ, ಸ್ವಲ್ಪ ಮೇಲಿರುತ್ತೆ. ಅದು ತುಕ್ಕು ಹಿಡಿದು ಕೂತುಬಿಟ್ಟಿದ್ದರೆ? ಕೆಳಗಿನದು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಅದು ಗೊತ್ತಾದರೆ, ಹೊಸ ಎಣ್ಣೆ ಹಾಕುವುದು ಎಲ್ಲಿಂದ? ಗಾಡಿ ನಿಂತಲ್ಲೇ. ಇಷ್ಟು ಸಣ್ಣ ವಿಷಯ ನನಗೆ ಯಾಕೆ ಹೊಳೆಯಲಿಲ್ಲ ಅಂತ ಈಗಲೂ ನಾಚಿಕೆ. ನನ್ನ ಗಾಡಿಯದು ನಿಜಕ್ಕೂ ಕೂತಿತ್ತು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಕಾಯಬೇಕಾಯಿತು.

ಆಮೇಲೆ ಕೆಳಗಿನದು. ಬೋಲ್ಟ್ ಕೈಗೆ ಬರುವ ಮುಂಚೆಯೇ ಟ್ರೇಗೆ ತಿಳಿನೀರು ತೊಟ್ಟಿಕ್ಕಿತು, ಒಂದೆರಡು ಚಮಚ ಇರಬಹುದು. ಅದರ ಹಿಂದೆಯೇ ಎಣ್ಣೆ. ಎಣ್ಣೆ ಅನ್ನಬೇಕೋ ಬೇಡವೋ, ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ. ಬೆರಳಲ್ಲಿ ಉಜ್ಜಿದರೆ ಗೇರ್ ಆಯಿಲಿನ ಆ ಅಂಟು ಇಲ್ಲ, ನೊರೆನೊರೆ.

ಸೀಲ್ ಇರುವ ಹೌಸಿಂಗ್ ಒಳಗೆ ನೀರು ಹೇಗೆ ಹೋಯಿತು ಅಂತ ಕೇಳಿದೆ. ಅವನು ಹೇಳಿದ್ದು ಹೀಗೆ. ಕೆಸರಲ್ಲಿ ಗುದ್ದಾಡಿ ಬಂದ ಹೌಸಿಂಗ್ ಕಾದಿರುತ್ತೆ, ಒಳಗಿನ ಗಾಳಿಯೂ ಕಾದು ಹಿಗ್ಗಿರುತ್ತೆ. ಅದು ಒಮ್ಮೆಲೇ ತಣ್ಣೀರಿಗೆ ಇಳಿದರೆ ಗಾಳಿ ಕುಗ್ಗುತ್ತೆ, ಒಳಗಿಂದ ಜಗ್ಗುತ್ತೆ. ಆ ಜಗ್ಗಾಟ ಸರಿ ಮಾಡೋಕೆ ಅಂತಲೇ ಮೇಲೆ ಒಂದು ಬ್ರೀದರ್ ಇರುತ್ತೆ, ಗಾಡಿ ಉಸಿರಾಡುವ ಮೂಗು ಅಂದುಕೊಳ್ಳಿ. ಮೂಗು ಮುಳುಗಿದರೆ ಅದರಿಂದಲೇ ನೀರು ಎಳೆದುಕೊಳ್ಳುತ್ತೆ. ಮೂಗು ಕಟ್ಟಿದ್ದರೆ ಆಕ್ಸಲ್ ಸೀಲಿನ ತುಟಿಯಿಂದ ಎಳೆದುಕೊಳ್ಳುತ್ತೆ. ನನ್ನದು ಯಾವ ಕಾಲದ್ದೋ ಒಣಮಣ್ಣಿನಿಂದ ಪೂರ್ತಿ ಕಟ್ಟಿತ್ತು. ಅಂದರೆ ಸೀಲಿನಿಂದಲೇ ಹೋಗಿದೆ. ಹೀಗೇ ಬಿಟ್ಟಿದ್ದರೆ ಕ್ರೌನು, ಅದನ್ನು ತಿರುಗಿಸುವ ಪಿನಿಯನ್ನು, ಬೇರಿಂಗು ಎಲ್ಲ ತುಕ್ಕು ಹಿಡಿದು ಸವೆದು, ಕೆಲವು ತಿಂಗಳಾದ ಮೇಲೆ ಹಿಂದಿನಿಂದ 'ಊಂ' ಅನ್ನೋ ರಾಗ ಶುರುವಾಗುತ್ತಿತ್ತು. ಆಗ ನನಗೆ ಈ ಹಳ್ಳ ನೆನಪಿಗೂ ಬರುತ್ತಿರಲಿಲ್ಲ.

ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡಿನ ಎಣ್ಣೆ ತುಂಬಿಸಿ, ಸ್ವಲ್ಪ ದೂರ ಓಡಿಸಿ, ಮತ್ತೆ ಇಳಿಸಿ, ಮತ್ತೆ ತುಂಬಿಸಿದೆವು. ಗೋಡೆಗೆ ಅಂಟಿದ ನೀರು ಒಂದೇ ಸಲಕ್ಕೆ ಬರುವುದಿಲ್ಲ. ಮುಂದಿನ ಹೌಸಿಂಗ್ ಎಣ್ಣೆಯೂ ಸ್ವಲ್ಪ ಮಬ್ಬಾಗಿತ್ತು, ಅದನ್ನೂ ಬದಲಿಸಿದೆವು. ಗೇರ್‌ಬಾಕ್ಸ್ ಎಣ್ಣೆ ಚೆನ್ನಾಗಿತ್ತು. ಬ್ರೀದರಿಗೆ ಉದ್ದನೆಯ ರಬ್ಬರ್ ಪೈಪ್ ಹಾಕಿ ಹಿಂದಿನ ಲೈಟಿನ ಎತ್ತರಕ್ಕೆ ಕಟ್ಟಿದೆವು. ಗಾಡಿ ಕೊಂಡ ದಿನವೇ ಮಾಡಬೇಕಿತ್ತು ಅಂತ ಅವನು ಎರಡು ಸಲ ಹೇಳಿದ, ಎರಡು ಸಲವೂ ನಾನು ಕೇಳಿಸದ ಹಾಗೆ ಇದ್ದೆ.

ಏರ್ ಫಿಲ್ಟರ್ ಡಬ್ಬ ತೆಗೆದಾಗ ಮಾತ್ರ ಎದೆ ಧಸಕ್ ಅಂತು. ಡಬ್ಬದ ತಳದಲ್ಲಿ ಒದ್ದೆ, ಫಿಲ್ಟರ್ ಕಾಗದದ ಒಂದು ಅಂಚು ನೆನೆದಿತ್ತು. ಇನ್ನು ನಾಲ್ಕು ಬೆರಳು ನೀರು ಏರಿದ್ದರೆ ಎಂಜಿನ್ ಗಾಳಿಯ ಬದಲು ನೀರು ಕುಡಿಯುತ್ತಿತ್ತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತೋಕಾಗಲ್ಲ. ಪಿಸ್ಟನ್ ಮೇಲೆ ಬರುವಾಗ ಜಾಗ ಸಿಗದೆ ಕನೆಕ್ಟಿಂಗ್ ರಾಡೇ ಬಗ್ಗುತ್ತೆ. ಅದಕ್ಕೇ ನೀರಲ್ಲಿ ಎಂಜಿನ್ ತಾನಾಗಿ ಆಫ್ ಆದರೆ ಮತ್ತೆ ಕೀ ತಿರುಗಿಸಲೇಬಾರದು, ಎಳೆದು ಹೊರಗೆ ತಂದು ಒಳಗೆ ನೀರಿದೆಯಾ ಅಂತ ನೋಡಿದ ಮೇಲೆಯೇ ಮುಂದಿನ ಮಾತು.

ಹಿಂದಿನ ಡ್ರಮ್ ಬಿಚ್ಚಿದರೆ ಒಳಗೆ ಬೂದು ಬಣ್ಣದ ನುಣ್ಣನೆ ಕೆಸರು. ನುಣ್ಣಗಿದೆ ಅಂತ ಸುಮ್ಮನಿರುವ ಹಾಗಿಲ್ಲ, ಅದರಲ್ಲಿರುವ ಮರಳು ಬ್ರೇಕ್ ಹಿಡಿದಾಗಲೆಲ್ಲ ಲೈನರನ್ನೂ ಡ್ರಮ್ಮನ್ನೂ ತೀಡುತ್ತೆ. ತೊಳೆದು ಒಣಗಿಸಿ ಹಾಕಿದೆವು. ಹ್ಯಾಂಡ್ ಬ್ರೇಕ್ ಕೇಬಲ್ ಸ್ವಲ್ಪ ಬಿಗಿಯಾಗಿತ್ತು. ಒದ್ದೆ ಡ್ರಮ್ ಇಟ್ಟುಕೊಂಡು ರಾತ್ರಿ ಹ್ಯಾಂಡ್ ಬ್ರೇಕ್ ಎಳೆದರೆ ಬೆಳಿಗ್ಗೆ ಅಂಟಿಕೊಂಡಿರಬಹುದು, ಹಾಗಾಗಿ ಗೇರಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದೇ ವಾಸಿ.

ಗ್ರೀಸ್ ಗನ್ ಕೆಲಸ ನನಗೆ ತುಂಬ ಇಷ್ಟವಾಯಿತು. ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ತಿರುಗುವ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ, ಅಂದರೆ ಅದರ ಕೀಲಿಗೆ, ಗನ್ ಇಟ್ಟು ಒತ್ತುತ್ತಾ ಹೋದರೆ ಮೊದಲು ಕಂದು ನೀರು, ಆಮೇಲೆ ಕರಿ ಗ್ರೀಸು, ಕೊನೆಗೆ ಹೊಸ ಗ್ರೀಸು ನಾಲ್ಕೂ ಕಡೆಯಿಂದ ಇಣುಕುತ್ತೆ. ಅಲ್ಲಿಗೆ ನಿಲ್ಲಿಸಬೇಕು. ನಾನು ಮೊನ್ನೆ ತೊಳೆಯುವಾಗ ನೀರಿನ ಪ್ರೆಶರ್ ಗನ್ನನ್ನು ಗೇಣು ದೂರದಿಂದ ಇದೇ ಕ್ರಾಸಿಗೆ, ಚಕ್ರದ ಬೇರಿಂಗಿಗೆ ಹಿಡಿದಿದ್ದೆ ಅಂದೆ. ಅವನು ನನ್ನನ್ನು ನೋಡಿದ ನೋಟ ಬರೆಯೋಕಾಗಲ್ಲ. ಹಳ್ಳದಲ್ಲಿ ಹೋಗದ ನೀರನ್ನು ನಾನೇ ಸೀಲು ದಾಟಿಸಿರಬಹುದು!

ರೇಡಿಯೇಟರಿಗೂ ಅಷ್ಟೇ. ಜೋರು ನೀರು ಹೊಡೆದರೆ ತೆಳ್ಳನೆ ಫಿನ್ನುಗಳು ಮಡಚಿಕೊಳ್ಳುತ್ತವೆ. ಏಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕೆಸರು, ಹುಲ್ಲು ತುಂಬಿತ್ತು, ಎಂಜಿನ್ ಕಡೆಯಿಂದ ಹೊರಕ್ಕೆ ಸಣ್ಣ ಧಾರೆ ಬಿಟ್ಟು ನಿಧಾನಕ್ಕೆ ತೆಗೆದೆವು. ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ತಿರುಗಿಸಿ ನೋಡಿದೆವು, ನೀರಿರಲಿಲ್ಲ. ಸೈಲೆನ್ಸರ್ ಮೇಲೆ ಸಿಕ್ಕಿದ್ದ ಹುಲ್ಲನ್ನು ಕಿತ್ತು ಹಾಕಿದೆವು, ಒಣಗಿದರೆ ಅದೇ ಬೆಂಕಿ ಹಿಡಿಯುವ ಸಾಮಾನು.

ಚಾಸಿ ಮಾತ್ರ ಮುಗಿಯುವ ಕೆಲಸವೇ ಅಲ್ಲ. ಅದು ಒಳಗೆ ಟೊಳ್ಳು, ತಳದಲ್ಲಿ ನೀರು ಇಳಿಯೋಕೆ ತೂತುಗಳಿರುತ್ತವೆ. ಆ ತೂತುಗಳು ಕೆಸರಿಂದ ಮುಚ್ಚಿದ್ದವು. ತಂತಿ ಹಾಕಿ ಬಿಡಿಸಿ, ಒಂದು ಕಡೆಯಿಂದ ಪೈಪ್ ಬಿಟ್ಟರೆ ಇನ್ನೊಂದು ಕಡೆಯಿಂದ ಕೆಂಪು ನೀರು. ಹತ್ತು ನಿಮಿಷ ಆಯ್ತು, ಇಪ್ಪತ್ತು ನಿಮಿಷ ಆಯ್ತು, ಇನ್ನೂ ಕೆಂಪು. ಒಳಗೆ ಮಣ್ಣು ಉಳಿದರೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟು ಚಾಸಿಯನ್ನು ಒಳಗಿಂದ ತಿನ್ನುತ್ತೆ, ಹೊರಗಿನ ಬಣ್ಣ ಮಾತ್ರ ಚೆನ್ನಾಗೇ ಕಾಣುತ್ತೆ. ಸಂಜೆ ಹೊತ್ತಿಗೆ ತಿಳಿ ನೀರು ಬಂತು. ಇದು ಸಮುದ್ರದ ಉಪ್ಪು ನೀರಾಗಿದ್ದರೆ ಅಂತ ನೆನೆಸಿಕೊಳ್ಳೋಕೂ ಭಯ.

ನಾನು ಪೂರ್ತಿ ಮರೆತಿದ್ದು ಕಾರ್ಪೆಟ್. ಮೇಲೆ ಮುಟ್ಟಿದರೆ ಒಣಗಿತ್ತು. ನಾಲ್ಕನೇ ದಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದರೆ ಕೆಳಗಿನ ದಪ್ಪ ಫೆಲ್ಟು ಸ್ಪಂಜಿನ ಹಾಗೆ ನೀರು ಕುಡಿದು ಕೂತಿದೆ, ಹಿಂಡಿದರೆ ಧಾರೆ. ಅದರ ಪಕ್ಕದಲ್ಲೇ ವೈರಿಂಗ್ ಕಟ್ಟು ಹಾದುಹೋಗುತ್ತೆ. ತಳದ ರಬ್ಬರ್ ಬಿರಡೆ ತೆಗೆದು ನೀರು ಇಳಿಸಿ, ಫೆಲ್ಟನ್ನು ಮೂರು ದಿನ ಬಿಸಿಲಿಗೆ ಹಾಕಿ, ಕನೆಕ್ಟರುಗಳನ್ನು ಒಂದೊಂದೇ ಕಳಚಿ ಒರೆಸಿ ಸ್ಪ್ರೇ ಹೊಡೆದೆ. ಈ ಮೂರು ದಿನ ಬರೀ ತಗಡಿನ ಮೇಲೆ ಕಾಲಿಟ್ಟು ಗಾಡಿ ಓಡಿಸಿದ್ದು ಬೇರೆಯೇ ಮಜಾ, ಖಾಲಿ ಡಬ್ಬದೊಳಗೆ ಕೂತ ಹಾಗೆ ಸದ್ದು.

ಐನೂರು ಕಿಲೋಮೀಟರ್ ಆದ ಮೇಲೆ ಹಿಂದಿನ ಹೌಸಿಂಗ್ ಮತ್ತೆ ಬಿಚ್ಚಿ ನೋಡಿದೆ. ಈ ಸಲ ಮೇಲಿನ ಬೋಲ್ಟು ಮೊದಲು. ಬೆರಳು ಅದ್ದಿ ಬಿಸಿಲಿಗೆ ಹಿಡಿದರೆ ಎಣ್ಣೆ ಜೇನಿನ ಹಾಗೆ ತಿಳಿಯಾಗಿತ್ತು. ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಉತ್ತರ ಬಂತು: "ಸರಿ. ಸ್ಟೆಪ್ನಿ ಇಳಿಸಿ ಅದರ ಮೇಲ್ಗಡೆ ನೋಡಿದ್ಯಾ?"

ಇಳಿಸಿದೆ. ರಿಮ್ಮಿನ ತುಂಬ ಕೆಸರು.