ಲಾ ಪ್ಲಾನ್ಯದಲ್ಲಿ ಅತ್ತೆಯ ಬೆಂಚು

ನಮ್ಮ ಭಾವನವರು ಎಕ್ಸೆಲ್ ಹಾಳೆ ತೆರೆಯದೆ ಯಾವ ಕೆಲಸಕ್ಕೂ ಕೈ ಹಾಕುವವರಲ್ಲ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಅವರ ಮನೆಗೆ ಗಣೇಶನ ಹಬ್ಬದ ಊಟಕ್ಕೆಂದು ಮೂರೂ ಸಂಸಾರಗಳು ಸೇರಿದ್ದಾಗ, ಬರುವ ಫೆಬ್ರವರಿಯಲ್ಲಿ ಎಲ್ಲರೂ ಕೂಡಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಿಗೆ ಸ್ಕೀ ಮಾಡಲು, ಎಂದರೆ ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರಲು, ಹೋಗೋಣವೆಂಬ ಮಾತು ಎದ್ದಿತು. ಕೈ ತೊಳೆದು ಬರುವಷ್ಟರಲ್ಲಿ ಹಾಳೆ ಸಿದ್ಧವಾಗಿತ್ತು. ಮೂರು ಜೋಡಿ ಗಂಡಹೆಂಡಿರು, ಆರು ಮಕ್ಕಳು, ಊರಿನಿಂದ ಬರಲಿದ್ದ ಅತ್ತೆ, ಹೀಗೆ ಹದಿಮೂರು ಜನಕ್ಕೆ ಹದಿಮೂರು ಸಾಲು. ಪ್ರತಿ ಸಾಲಿನಲ್ಲೂ ವಯಸ್ಸು, ಎತ್ತರ, ತೂಕ, ಪಾದದ ಅಳತೆ, ಸ್ಕೀ ಅನುಭವ. ಬಿದ್ದಾಗ ಬೂಟು ಹಲಗೆಯಿಂದ ತಾನಾಗಿ ಕಳಚಿಕೊಳ್ಳಬೇಕಾದ ಬಿಗಿಯನ್ನು ಬಾಡಿಗೆ ಅಂಗಡಿಯವರು ಈ ಅಂಕಿಗಳ ಮೇಲೆಯೇ ಹೊಂದಿಸುತ್ತಾರೆ ಎಂದು ತಿಳಿದ ಮೇಲೆ, ಸಂಕೋಚದಿಂದ ನಾಲ್ಕು ಕಿಲೋ ಕಡಿಮೆ ಬರೆಸಿದ್ದ ನಾನು ಗುಟ್ಟಾಗಿ ಅದನ್ನು ತಿದ್ದಿಸಬೇಕಾಯಿತು. ಹದಿಮೂರನೆಯ ಸಾಲು ಅತ್ತೆಯದು. ಅಲ್ಲಿ ‘ಸ್ಕೀ ಇಲ್ಲ’ ಎಂದು ಬರೆದು, ಉಳಿದ ಚೌಕಗಳಿಗೆಲ್ಲ ಬೂದು ಬಣ್ಣ ಬಳಿಯಲಾಗಿತ್ತು.

ದಿನ ಗೊತ್ತುಮಾಡುವುದರಲ್ಲಿ ನಮಗೆ ಆಯ್ಕೆಯೇ ಇರಲಿಲ್ಲ. ಇಂಗ್ಲೆಂಡಿನ ಶಾಲೆಗಳಿಗೆ ಫೆಬ್ರವರಿ ನಡುವೆ ಒಂದು ವಾರ ರಜೆ. ಅದನ್ನು ಬಿಟ್ಟು ಬೇರೆ ದಿನ ಮಕ್ಕಳನ್ನು ಕರೆದೊಯ್ದರೆ ದಂಡ ಬೀಳಬಹುದು. ಫ್ರಾನ್ಸಿನವರೋ ತಮ್ಮ ದೇಶವನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿ, ಎರಡೆರಡು ವಾರದ ಚಳಿಗಾಲದ ರಜೆಯನ್ನು ಹಿಂದುಮುಂದಾಗಿ ಕೊಡುತ್ತಾರೆ. ಬೆಟ್ಟದ ಊರುಗಳು ಒಮ್ಮೆಲೇ ತುಂಬಿಹೋಗದಿರಲಿ ಎಂದು ಮಾಡಿದ ಈ ಏರ್ಪಾಡಿನಿಂದ ಸುಮಾರು ನಾಲ್ಕು ವಾರ ಉದ್ದಕ್ಕೂ ದಟ್ಟಣೆ ಇರುತ್ತದೆ, ನಮ್ಮ ಒಂದು ವಾರ ತಪ್ಪದೆ ಅದರ ಹೊಟ್ಟೆಯೊಳಗೇ ಬರುತ್ತದೆ. ಜನವರಿಯ ಬಾಡಿಗೆಯನ್ನೂ ಆ ವಾರದ ಬಾಡಿಗೆಯನ್ನೂ ಒಂದೇ ತೆರೆಯ ಮೇಲೆ ನೋಡಿದ ನನ್ನ ನಾದಿನಿ, ಈ ಹಣದಲ್ಲಿ ಎಲ್ಲರೂ ಊರಿಗೇ ಹೋಗಿ ಬರಬಹುದಲ್ಲ ಎಂದಳು. ಅದು ನಿಜವೂ ಆಗಿತ್ತು.

ಊರು ಆರಿಸುವಾಗ ಭಾವನವರು ನೋಡಿದ್ದು ಎತ್ತರವನ್ನು. ತಗ್ಗಿನ ಊರುಗಳಲ್ಲಿ ಹಿಮ ಈಚೆಗೆ ಕೈಕೊಡುತ್ತಿದೆ. ಅಷ್ಟು ಹಣ ಸುರಿದು ಕೆಸರು ನೋಡಿ ಬರಲಾಗದು. ಹಾಗಾಗಿ ಸವ್ವಾ ಪ್ರಾಂತದ ತಾರಾಂತೇಜ್ ಕಣಿವೆಯ ಲಾ ಪ್ಲಾನ್ಯ ಗೊತ್ತಾಯಿತು. ಸುಮಾರು 1250 ಮೀಟರಿನಿಂದ 2100 ಮೀಟರಿನವರೆಗೆ ಹರಡಿಕೊಂಡ ಹತ್ತು-ಹನ್ನೊಂದು ಹಳ್ಳಿಗಳ ಗುಂಪಿಗೆ ಒಟ್ಟಾಗಿ ಈ ಹೆಸರಿದೆ. ಕಲಿಯುವವರಿಗೆ ಅಗಲವಾದ ಇಳಿಜಾರುಗಳಿವೆ. ಕಲಿತವರಿಗೆ, ಎರಡಂತಸ್ತಿನ ವಾನ್ವಾಜ್ ಎಕ್ಸ್‌ಪ್ರೆಸ್ ಎಂಬ ಕೇಬಲ್ ಕಾರು 2003ರಿಂದ ಕಣಿವೆ ದಾಟಿಸಿ ಲೇಜಾರ್ಕ್ ಎಂಬ ಪಕ್ಕದ ಊರಿಗೆ ಬಿಡುತ್ತದೆ. ಮೇಲಿನ ಹಳ್ಳಿಗಳ ಕಟ್ಟಡಗಳು, ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಕುರೂಪ. ‘ಹಿಮದ ಹಡಗು’ ಎಂದು ಅವರು ಹೆಮ್ಮೆಯಿಂದ ಕರೆಯುವ ಏಮ್ 2000 ಎಂಬ ಕಟ್ಟಡ ನನ್ನ ಕಣ್ಣಿಗೆ ನೆರೆಯಲ್ಲಿ ತೇಲಿಬಂದು ಬೆಟ್ಟದ ನೆತ್ತಿಗೆ ಸಿಕ್ಕಿಕೊಂಡ ಸರಕಾರಿ ಕಚೇರಿಯಂತೆ ಕಂಡಿತು.

ಊಟದ ವಿಚಾರ ವಾರಗಟ್ಟಲೆ ಎಳೆಯಿತು. ಅಡುಗೆಯವರಿರುವ ಶಾಲೆ ಮನೆಗಳನ್ನು (ಶಾಲೆ ಎಂದರೆ ಇಲ್ಲಿ ಮರದ ಬೆಟ್ಟದ ಮನೆ, ಮಕ್ಕಳ ಶಾಲೆಯಲ್ಲ) ವಿಚಾರಿಸಿದಾಗ, ಸಸ್ಯಾಹಾರಿಗಳಿಗೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೆ ಎಲ್ಲ ಕಡೆಯಿಂದಲೂ ಚೀಸ್ ಎಂಬ ಉತ್ತರವೇ ಬಂತು. ಏಳು ರಾತ್ರಿ ಚೀಸ್ ತಿನ್ನಲಾರೆವೆಂದು, ನಾವೇ ಅಡುಗೆ ಮಾಡಿಕೊಳ್ಳುವ ಎರಡು ಅಪಾರ್ಟ್‌ಮೆಂಟ್‌ಗಳನ್ನು ಹಿಡಿದೆವು. ಅತ್ತೆ ಬೆಂಗಳೂರಿನಲ್ಲೇ ಷೆಂಗೆನ್ ವೀಸಾ ಮಾಡಿಸಿಕೊಂಡರು. ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು. ಆದರೆ ಅಂಥ ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೀ ಅಪಘಾತ ಸೇರಿರುತ್ತದೆಂದು ಯಾರೂ ನಂಬಿ ಕೂರಬಾರದು, ಅದನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು.

ಈಗ ನೆನೆದರೂ ಹೊಟ್ಟೆ ಉರಿಯುವ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಶನಿವಾರ ಜಿನೀವಾದಲ್ಲಿಳಿದು ವ್ಯಾನ್ ಹತ್ತಿದೆವು. ಫ್ರಾನ್ಸಿನ ಸ್ಕೀ ಊರುಗಳಲ್ಲಿ ಬಾಡಿಗೆ ಮನೆಗಳು ಹೆಚ್ಚಾಗಿ ಶನಿವಾರವೇ ಕೈ ಬದಲಾಗುವುದರಿಂದ, ಆಲ್ಬೆರ್‌ವಿಲ್ ದಾಟಿದ ಮೇಲೆ ಕಣಿವೆಯ ಒಂದೇ ದಾರಿಯಲ್ಲಿ ಹೋಗುವವರೂ ಬರುವವರೂ ಇರುವೆ ಸಾಲಿನಂತೆ ನಿಂತಿದ್ದರು. ಬೀಸೋಂ ಫ್ಯೂಟೆ ಎಂಬ ಸರಕಾರಿ ಸಂಚಾರ ಮುನ್ಸೂಚನೆಯಲ್ಲಿ ಆ ದಿನಕ್ಕೆ ಕೆಂಪು ಬಣ್ಣ ಹಚ್ಚಿದ್ದನ್ನು ನಾವು ನೋಡಿದ್ದು ಆ ಸಾಲಿನಲ್ಲಿ ನಿಂತ ಮೇಲೆ. ಕತ್ತಲಾದ ಮೇಲೆ ತಲುಪಿ ಬೀಗದ ಕೈ ಕೇಳಿದರೆ, ನಮ್ಮದು ಬೆಲ್ ಪ್ಲಾನ್ಯದಲ್ಲಿದೆ, ಭಾವನವರದು ಪ್ಲಾನ್ಯ ಬೆಲ್‌ಕೋತ್‌ನಲ್ಲಿದೆ ಎಂದು ತಿಳಿಯಿತು. ಇವೆರಡೂ ಬೇರೆ ಬೇರೆ ಹಳ್ಳಿಗಳು, ಎತ್ತರದಲ್ಲೇ ನೂರು ಮೀಟರಿಗೂ ಹೆಚ್ಚಿನ ಅಂತರ. ಬುಕಿಂಗ್ ಮಾಡಿಕೊಟ್ಟ ಸಂಸ್ಥೆ ‘ಎರಡೂ ಮನೆಗಳು ಅಕ್ಕಪಕ್ಕ’ ಎಂದು ಬರೆದಿತ್ತು. ಭೂಪಟದಲ್ಲಿ ಅಕ್ಕಪಕ್ಕವೇ, ಬೆಟ್ಟದಲ್ಲಿ ಒಂದು ಮೇಲೆ, ಒಂದು ಕೆಳಗೆ. ಒಂದೇ ಅಡುಗೆ ಎಂದು ಲೆಕ್ಕ ಹಾಕಿದ್ದವರು ವಾರವಿಡೀ ಸಾರಿನ ಡಬ್ಬಿ ಹಿಡಿದು ಉಚಿತ ಬಸ್ಸಿಗೆ ಕಾದೆವು. ಲಾ ಪ್ಲಾನ್ಯಕ್ಕೆ ಹೋಗುವವರು ಹಳ್ಳಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಳ್ಳಿ. ಆರು ಜನಕ್ಕೆ ಎಂದು ಬರೆದ ಮನೆಯಲ್ಲಿ ಎರಡು ಹಾಸಿಗೆ ಬಾಗಿಲ ಪಕ್ಕದ ಗೂಡಿನಲ್ಲಿ ಒಂದರ ಮೇಲೊಂದು ಇರುತ್ತವೆ ಎಂಬುದನ್ನೂ, ಹೊದಿಕೆ, ಟವೆಲ್ಲುಗಳಿಗೆ ಬೇರೆ ದುಡ್ಡು ಎಂಬುದನ್ನೂ ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಕುಕ್ಕರಿನ ಕಥೆಯಲ್ಲಿ ತಪ್ಪು ನನ್ನದೇ. ಎರಡು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ತೊಗರಿಬೇಳೆ ಬೇಯುವುದಿಲ್ಲ ಎಂದು ಮೊದಲೇ ಯೋಚಿಸಿ ಕುಕ್ಕರ್ ಹೊತ್ತುಕೊಂಡು ಹೋಗಿದ್ದೆ. ಅಲ್ಲಿದ್ದದ್ದು ಇಂಡಕ್ಷನ್ ಒಲೆ, ನನ್ನದು ಅಲ್ಯೂಮಿನಿಯಂ ಕುಕ್ಕರ್. ಒಲೆ ಮೂರು ಸಲ ಪೀಂ ಎಂದು ಸುಮ್ಮನಾಯಿತು. ಅಂದಿನಿಂದ ಪಾತ್ರೆಯಲ್ಲೇ ಬೇಯುವ ಹೆಸರುಬೇಳೆಯ ಸಾರು, ಕೆಂಪು ಮಸೂರ್ ಬೇಳೆಯ ತೊವ್ವೆ. ಉಳಿದಂತೆ, ಬೇಡವೆಂದು ಬಂದಿದ್ದ ಚೀಸೇ. ಅತ್ತೆ ತಕರಾರು ಮಾಡಲಿಲ್ಲ. ಅಲೂಗೆಡ್ಡೆಯ ಮೇಲೆ ಕರಗಿಸಿ ಸುರಿದುಕೊಳ್ಳುವ ರಾಕ್ಲೆಟ್ ಅವರಿಗೆ ನಿಜವಾಗಿಯೂ ಹಿಡಿಸಿತು. ಅದಕ್ಕೆ ಜೊತೆಯಾಗಿ ತಾವು ತಂದಿದ್ದ ಮಾವಿನಮಿಡಿ ಉಪ್ಪಿನಕಾಯಿ ಹಾಕಿಕೊಂಡರು. ನನಗೆ ಫೋಂಡ್ಯೂಗಿಂತ ಅದೇ ಮೇಲು. ಬಿಳಿ ವೈನಿನ ಹುಳಿವಾಸನೆಯ ಆ ಕರಗಿದ ಚೀಸಿನ ಅಂಟನ್ನು ಒಂದೇ ಬೋಗುಣಿಯಿಂದ ಎಲ್ಲರೂ ಅದ್ದಿ ತಿನ್ನುವುದು ನನ್ನಿಂದ ಆಗದ ಕೆಲಸ.

ಭಾನುವಾರದಿಂದ ಬುಧವಾರದವರೆಗೆ ಬಿದ್ದೆವು, ಎದ್ದೆವು. ಮಕ್ಕಳು ಕೆಂಪು ಜಾಕೀಟಿನ ಶಿಕ್ಷಕರ ಹಿಂದೆ ಬಾತುಮರಿಗಳಂತೆ ಸಾಲಾಗಿ ಹೋದರು. ಅದರ ಹೆಚ್ಚಿನ ವಿವರ ಬೇಡ. ನಾನು ಬರೆಯಲು ಕೂತದ್ದು ಗುರುವಾರಕ್ಕಾಗಿ.

ನಾದಿನಿಯ ನಾಲ್ಕು ವರ್ಷದ ಮಗ ಪಿಯು-ಪಿಯು, ಎಂದರೆ ಕೋಳಿಮರಿ, ಎಂಬ ಮೊದಲ ತರಗತಿಯಲ್ಲಿದ್ದ. ಆ ಮಕ್ಕಳನ್ನು ನಿಂತಲ್ಲಿಂದಲೇ ದಿಬ್ಬದ ಮೇಲಕ್ಕೆ ಒಯ್ಯುವ ರಬ್ಬರಿನ ಚಲಿಸುವ ಪಟ್ಟಿಯ ಬುಡದಲ್ಲಿ ಒಂದು ಮರದ ಬೆಂಚು ಇತ್ತು. ಅತ್ತೆ ದಿನವೂ ಅಲ್ಲಿ ಕೂರುತ್ತಿದ್ದರು: ಮೇಲೆ ಭಾವನವರ ಹಳೆಯ ಜಾಕೀಟು, ಅದರ ಕೆಳಗೆ ಸೀರೆ, ಸೀರೆಯ ಕೆಳಗೆ ಹಿಮದ ಬೂಟು, ಮಡಿಲಲ್ಲಿ ಕೋಡುಬಳೆಯ ಡಬ್ಬಿ. ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದಾತ ಅರವತ್ತರ ಆಸುಪಾಸಿನ, ಕೆಂಪು ಮುಖದ, ಕಡಿಮೆ ಮಾತಿನ ಮನುಷ್ಯ. ಬಿದ್ದ ಮಗುವನ್ನು ಅವನು ಎತ್ತುವ ರೀತಿಯನ್ನು ಅತ್ತೆ ಮೂರು ದಿನ ಗಮನಿಸಿದ್ದರಂತೆ: ಕೈ ಹಿಡಿದು ಎಳೆಯದೆ, ಎದೆಯ ಕೆಳಗೊಂದು ತೊಡೆಯ ಹಿಂದೊಂದು ತೋಳು ಕೊಟ್ಟು ಎತ್ತಿ, ಕಾಲೂರುವವರೆಗೆ ಬಿಡದೆ ಹಿಡಿದುಕೊಳ್ಳುವುದು. ಗುರುವಾರ ನನ್ನ ಮಂಡಿ ಊದಿ ನಾನೂ ಬೆಂಚಿಗೆ ಬಂದಾಗ, “ಇವನು ದನ ಸಾಕಿದವನು ಕಣಮ್ಮ, ಕರು ಎತ್ತುವ ಹಾಗೆ ಎತ್ತುತ್ತಾನೆ, ಕೇಳಿಸು” ಎಂದರು.

ಶಾಲೆಯಲ್ಲಿ ಫ್ರೆಂಚ್ ಕಲಿಯುತ್ತಿರುವ ಭಾವನವರ ಹದಿನೈದು ವರ್ಷದ ಮಗಳನ್ನು ಕರೆದು ಕೇಳಿಸಿದೆ. ಅವಳ ಕನ್ನಡವೂ ಫ್ರೆಂಚೂ ಹೆಚ್ಚುಕಡಿಮೆ ಒಂದೇ ಮಟ್ಟದವು. ಆತ ಮೊದಲು ಅತ್ತೆಯ ಮುಖ ನೋಡಿದ, ಆಮೇಲೆ ನಕ್ಕ. ಹೌದು, ಬೇಸಗೆಯಲ್ಲಿ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾನೆ. ಚಳಿಗಾಲದಲ್ಲಿ ಅವು ಕೊಟ್ಟಿಗೆಯಲ್ಲಿ ಒಣಹುಲ್ಲು ತಿನ್ನುತ್ತವೆ, ತಮ್ಮ ನೋಡಿಕೊಳ್ಳುತ್ತಾನೆ, ತಾನು ಇಲ್ಲಿ ಸಂಬಳಕ್ಕೆ ಬರುತ್ತಾನೆ. ಅವನ ತಂದೆಯ ಕಾಲದಲ್ಲೂ ಬದುಕು ಹೀಗೆಯೇ ಎರಡು ತುಂಡಾಗಿತ್ತಂತೆ. ಆಗ ಚಳಿಗಾಲದ ಸಂಬಳ ಬರುತ್ತಿದ್ದುದು ಇದೇ ಬೆಟ್ಟದಲ್ಲಿದ್ದ ಸೀಸ-ಬೆಳ್ಳಿಯ ಗಣಿಯಿಂದ. ಗಣಿ 1973ರಲ್ಲಿ ಮುಚ್ಚಿತು. ಹಳ್ಳಿಗಳು ಬರಿದಾಗುತ್ತಿದ್ದಾಗ ಕೆಳಗಿನ ಏಮ್ ಊರಿನ ಮೇಯರ್ ಆಗಿದ್ದ ವೈದ್ಯರೊಬ್ಬರು ಮುಂದೆ ನಿಂತು 1961ರಲ್ಲಿ ಈ ಸ್ಕೀ ಊರನ್ನು ಆರಂಭಿಸಿದ್ದರು. ನಾನು ಕುರೂಪವೆಂದು ಮೂಗು ಮುರಿದಿದ್ದ ಕಟ್ಟಡಗಳನ್ನು ತೋರಿಸಿ ಆತ, ಅವು ಬರದಿದ್ದರೆ ನಾವು ದನ ಮಾರಿ ಲಿಯೋಂ ಪಟ್ಟಣ ಸೇರುತ್ತಿದ್ದೆವು ಎಂದ.

ಅತ್ತೆಗೆ ಕಟ್ಟಡ ಬೇಕಿರಲಿಲ್ಲ. ಎಷ್ಟು ಹಸು, ಎಷ್ಟು ಹಾಲು? ಆತ ಫೋನಿನಲ್ಲಿ ಚಿತ್ರಗಳನ್ನು ತೆರೆದು ತೋರಿಸಿದ. ಜೇನುಬಣ್ಣದ ಮೈಯ, ಕಪ್ಪು ಮೂತಿಯ ತಾರೀನ್ ಹಸುಗಳು. ನಡುವೆ ಒಂದೆರಡು ಬಿಳಿ ಮುಖಕ್ಕೆ ಕನ್ನಡಕ ತೊಟ್ಟಂತಿರುವ ಆಬೊಂಡಾಂಸ್ ತಳಿಯವು. ಹಾಲೆಲ್ಲ ಬೊಫೋರ್ ಚೀಸಿಗೆ ಹೋಗುತ್ತದೆ. ಒಂದು ಕಿಲೋ ಚೀಸಿಗೆ ಹತ್ತು ಲೀಟರ್ ಹಾಲು, ಒಂದು ಗಾಲಿ ನಲವತ್ತು ಕಿಲೋ, ಹಣ್ಣಾಗಲು ಕನಿಷ್ಠ ಐದು ತಿಂಗಳು. ಹಸುವೊಂದಕ್ಕೆ ವರ್ಷಕ್ಕೆ ಸರಾಸರಿ ಐದು ಸಾವಿರ ಕಿಲೋಗಿಂತ ಹೆಚ್ಚು ಹಾಲು ಕರೆಯಬಾರದು, ಹುದುಗು ಹಾಕಿದ ಮೇವು ಕೊಡಬಾರದು ಎಂದು ಆ ಚೀಸಿನ ನಿಯಮವೇ ಹೇಳುತ್ತದಂತೆ. ಎರಡು ಲೀಟರಿನ ಮಲೆನಾಡು ಗಿಡ್ಡದಿಂದ ಹಿಡಿದು ಬ್ಯಾಂಕ್ ಸಾಲದ ಎಚ್.ಎಫ್. ಎಂಬ ವಿದೇಶಿ ತಳಿಯ ಹಸುವಿನವರೆಗೆ ನಲವತ್ತೈದು ವರ್ಷ ಅರಕಲಗೂಡಿನ ಕೊಟ್ಟಿಗೆಯಲ್ಲಿ ಸಗಣಿ ಬಾಚಿದ ಅತ್ತೆಗೆ ಈ ಮಾತು ನಂಬಲಾಗಲಿಲ್ಲ. “ಹೆಚ್ಚು ಕರೆಯಬೇಡಿ ಅಂತ ಡೇರಿಯವರೇ ಹೇಳ್ತಾರಾ? ಸರಿಯಾಗಿ ಕೇಳು ಮಗಳೇ” ಎಂದು ಎರಡು ಸಲ ಕೇಳಿಸಿದರು.

ಆಮೇಲೆ, ಯಾವ ಹೆಂಗಸಿಗೂ ಸಹಜವಾಗಿ ಬರುವ ಪ್ರಶ್ನೆ ಬಂತು: “ಹೆಪ್ಪು ಏನು ಹಾಕುತ್ತೀರಿ?”

ಹುಡುಗಿಗೆ ಹೆಪ್ಪು ಎಂಬ ಶಬ್ದ ಗೊತ್ತಿರಲಿಲ್ಲ. ಹಾಲು ಗಟ್ಟಿಯಾಗಲು ಹಾಕುವುದು ಎಂದು ನಾನು ಬಿಡಿಸಿ ಹೇಳಿದೆ. ಹೇಳುತ್ತಿದ್ದಂತೆ ಉತ್ತರ ಏನೆಂದು ನನಗೆ ಹೊಳೆದು, ತಡೆಯೋಣವೆನ್ನುವಷ್ಟರಲ್ಲಿ ಅವಳು ಕೇಳಿಯಾಗಿತ್ತು. ಆತ ಮುಚ್ಚಿಡುವ ವಿಷಯವೆಂದು ಎಣಿಸದೆ, ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದ. ಕರುವಿನ ಹೊಟ್ಟೆ. ಒಣಗಿಸಿ, ಹಾಲೊಡಕಿನ ನೀರಿನಲ್ಲಿ ನೆನೆಸಿ ಬಸಿದದ್ದು.

ಅತ್ತೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಪಟ್ಟಿಯ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಮೇಲೆ ಹೋಗುತ್ತಿದ್ದರು. “ಹಾಲು ಕುಡಿಯುವ ಕರುವೇ ಇರಬೇಕು, ಹುಲ್ಲು ಕಚ್ಚಿದ ಮೇಲೆ ಹೊಟ್ಟೆಯಲ್ಲಿ ಹಾಲು ಒಡೆಯುವುದಿಲ್ಲ” ಎಂದರು ಕೊನೆಗೆ, ಯಾರಿಗೂ ಅಲ್ಲ ಎಂಬಂತೆ. ಹುಡುಗಿ ಅದನ್ನೂ ಫ್ರೆಂಚಿಗೆ ತಂದಳು. ಆತ ಹೌದೆಂದು ತಲೆಯಾಡಿಸಿದ. “ನಿನ್ನ ಕೊಟ್ಟಿಗೆಯ ಕರುವೇ?” ಎಂದು ಅತ್ತೆ ಕೇಳಿದರು. ಅಲ್ಲ, ಸಹಕಾರ ಸಂಘದವರು ಎಲ್ಲಿಂದಲೋ ತರಿಸುತ್ತಾರೆ. ಗಂಡುಕರುಗಳನ್ನು ಏನು ಮಾಡುತ್ತೀರಿ ಎಂದು ಕೇಳಲು ಹೊರಟವರು, ಅರ್ಧಕ್ಕೆ ನಿಲ್ಲಿಸಿ, “ಬೇಡ ಬಿಡು, ನಮ್ಮಲ್ಲಿ ಏನು ಮಾಡುತ್ತಾರೆ ಅಂತ ಅವನು ತಿರುಗಿ ಕೇಳಿದರೆ ನಾನು ಏನು ಹೇಳಲಿ?” ಎಂದರು. ಆ ಮಾತನ್ನು ಹುಡುಗಿ ಫ್ರೆಂಚಿಗೆ ತರಲಿಲ್ಲ.

ಸಸ್ಯಾಹಾರಿಗಳು ತಿಳಿದಿರಲಿ: ಬೊಫೋರ್, ರಬ್ಲೊಶೋನ್ ಮೊದಲಾದ ಅಲ್ಲಿನ ಸಾಂಪ್ರದಾಯಿಕ ಚೀಸುಗಳಿಗೆಲ್ಲ ಇದೇ ಹೆಪ್ಪು. ಲೇಬಲ್ಲಿನಲ್ಲಿ ಪ್ರೆಜ್ಯೂರ್, ಎಂದರೆ ಹೆಪ್ಪು, ಎಂದಷ್ಟೇ ಇರುತ್ತದೆ. ಇಂಗ್ಲೆಂಡಿನಲ್ಲಿ ಇಪ್ಪತ್ತು ವರ್ಷ ಡಬ್ಬಿಗಳ ಹಿಂಬದಿ ಓದಿ ಓದಿ ಕಣ್ಣು ಸವೆಸಿಕೊಂಡ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ರಾಕ್ಲೆಟ್ ಬಡಿಸಿದ್ದೆ. ಅತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ. ಆ ದಿನದಿಂದ ಚೀಸು ಮುಟ್ಟಲಿಲ್ಲ, ಅಷ್ಟೇ.

ಆದರೆ ಆತನ ಫೋನನ್ನು ಇನ್ನೂ ಕೈಯಲ್ಲಿ ಹಿಡಿದಿದ್ದರು. ಅಂದು ಬೆಳಿಗ್ಗೆ ತೆಗೆದ ಒಂದು ಹಸುವಿನ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, “ಇದು ಯಾವಾಗ ಈಯುತ್ತದೆ?” ಎಂದರು. ತಿಂಗಳ ಕೊನೆಗೆ ಎಂದು ಡಾಕ್ಟರ್ ಹೇಳಿದ್ದಾರೆ ಎಂದ. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಬಾಲದ ಬುಡದ ಎರಡೂ ಬದಿ ಗುಳಿ ಬಿದ್ದಿದೆ, ಕೆಚ್ಚಲು ಬಿಗಿದು ಮೊಲೆತುದಿ ಮಿರುಗುತ್ತಿದೆ, ಶನಿವಾರ ದಾಟುವುದಿಲ್ಲ ಎಂದರು. ಇಷ್ಟನ್ನು ಫ್ರೆಂಚಿನಲ್ಲಿ ಹೇಳಲು ಹುಡುಗಿಗೆ ಶಬ್ದ ಸಾಲದೆ, ಅತ್ತೆಯೇ ಎದ್ದು ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು. ಆತ ಟೊಪ್ಪಿಗೆ ಹಿಂದೆ ಸರಿಸಿ ಬಹಳ ಹೊತ್ತು ಫೋನು ನೋಡಿದ. ಆಮೇಲೆ ಕೋಡುಬಳೆಯ ಡಬ್ಬಿ ತೆರೆಯಿತು. ಒಂದನ್ನು ಕಡಿದು, ಖಾರಕ್ಕೆ ಕಣ್ಣೊರೆಸಿಕೊಂಡು, ಇನ್ನೊಂದಕ್ಕೆ ಕೈ ಚಾಚಿದ.

ಶುಕ್ರವಾರ ಮಕ್ಕಳಿಗೆ ಪದಕ ಕೊಟ್ಟರು. ಶನಿವಾರ ಹತ್ತು ಗಂಟೆಗೆ ಮನೆ ಖಾಲಿ ಮಾಡಬೇಕಾಗಿತ್ತು. ಹದಿಮೂರು ಜನರ ಸಾಮಾನು ಬೀದಿಯ ಹಿಮದಲ್ಲಿ ಗುಡ್ಡೆ ಬಿದ್ದಿದ್ದಾಗ ಅತ್ತೆ ಡಬ್ಬಿ ಹಿಡಿದು, ಒಂದು ನಿಮಿಷ ಬಾ ಎಂದು ನನ್ನನ್ನು ಪಟ್ಟಿಯ ಹತ್ತಿರ ಕರೆದೊಯ್ದರು. ಅಲ್ಲಿ ಬೇರೊಬ್ಬ ಹುಡುಗಿ ನಿಂತಿದ್ದಳು. ಅವಳಿಗೆ ನಮ್ಮ ಸನ್ನೆ ಅರ್ಥವಾಗಲಿಲ್ಲ, ಭುಜ ಕುಣಿಸಿ ನಕ್ಕಳು. ಅತ್ತೆ ಡಬ್ಬಿಯನ್ನು ಕೈಚೀಲಕ್ಕೆ ಸೇರಿಸಿ, ವ್ಯಾನಿನ ಕಡೆ ತಿರುಗಿದರು.

“ಕರು ಹಾಕಿರಬೇಕು” ಎಂದರು.