ಬೇನೆ ತಿನ್ನಲೇಬೇಕಾ?

ಹೋದ ವಾರ ಹಾಸನದಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಒಂಬತ್ತು ತಿಂಗಳು ತುಂಬುತ್ತಿದೆ. ಆ ಮಾತು ಈ ಮಾತು ಆದಮೇಲೆ ದನಿ ತಗ್ಗಿಸಿ ಕೇಳಿದಳು: "ಅಕ್ಕಾ, ನೋವು ಗೊತ್ತಾಗದ ಹಾಗೆ ಬೆನ್ನಿಗೆ ಇಂಜೆಕ್ಷನ್ ಕೊಡ್ತಾರಂತಲ್ಲ, ಅದನ್ನ ಕೇಳಿದ್ರೆ ತಪ್ಪು ತಿಳ್ಕೋತಾರಾ?"

ಹಲ್ಲು ಕೀಳಿಸಲು ಹೋದವರು ಯಾರೂ ಹೀಗೆ ಅಳುಕುವುದಿಲ್ಲ. ಹೆರಿಗೆಯ ನೋವಿಗೆ ಮದ್ದು ಕೇಳಲು ಮಾತ್ರ ಅನುಮತಿ ಬೇಕು.

ನನ್ನ ಮೊದಲ ಹೆರಿಗೆ ಮೈಸೂರಿನಲ್ಲಿ, 2015ರಲ್ಲಿ. ಹದಿನಾಲ್ಕು ಗಂಟೆ ಬೇನೆ. ಗೋಡೆ ಕಡೆಗಿದ್ದ ಮಂಚದ ಕಬ್ಬಿಣದ ಸರಳು ಹಿಡಿದೂ ಹಿಡಿದೂ ಅಂಗೈ ತುಂಬ ತುಕ್ಕಿನ ಬಣ್ಣ. ನೋವು ತಗ್ಗೋಕೆ ಏನಾದ್ರೂ ಕೊಡಿ ಅಂತ ಬೇಡಿಕೊಂಡಾಗ ಸಿಸ್ಟರ್ ಅಂದದ್ದು ಇನ್ನೂ ಕಿವಿಯಲ್ಲಿದೆ: "ನಾರ್ಮಲ್ ಆಗ್ಬೇಕೋ ಬೇಡ್ವೋ?" ನನ್ನ ಗಂಡನನ್ನೂ ಅಮ್ಮನನ್ನೂ ಒಳಗೆ ಬಿಟ್ಟಿರಲಿಲ್ಲ. ನೋವಿಗೆ ಮದ್ದು ತೆಗೆದುಕೊಂಡೂ ನಾರ್ಮಲ್ ಆಗುತ್ತದೆ ಅಂತ ಅಲ್ಲಿ ಯಾರೂ ನನಗೆ ಹೇಳಲಿಲ್ಲ.

ನಮ್ಮಲ್ಲಿ ಹೆರಿಗೆಗೆ ಇರುವುದು ಎರಡೇ ಹೆಸರು, ನಾರ್ಮಲ್ ಇಲ್ಲವೇ ಸಿಸೇರಿಯನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31 ಹೆರಿಗೆ ಸಿಸೇರಿಯನ್. ಅದರಲ್ಲಿ ನೋವು ತಾಳಲಾರದೆ "ಕುಯ್ದುಬಿಡಿ" ಅಂದವರೆಷ್ಟು ಮಂದಿ ಅನ್ನುವುದು ಆ ಲೆಕ್ಕದಲ್ಲಿ ಇಲ್ಲ. ನನ್ನ ಬಾಯಲ್ಲೂ ಆ ಮಾತು ಎರಡು ಸಲ ಬಂದಿತ್ತು.

ಎರಡನೆಯ ಹೆರಿಗೆಗೆ ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೆವು. ಯೂರೋಪ್ ಅಂದರೆ ನೋವಿಲ್ಲದ ಹೆರಿಗೆ ಅಂದುಕೊಂಡು ಹೋದವಳಿಗೆ ಅಲ್ಲಿನ ಸೂಲಗಿತ್ತಿ ಕೇಳಿದ ಮೊದಲ ಪ್ರಶ್ನೆ, "ಹೆರಿಗೆ ಮನೆಯಲ್ಲೋ, ಆಸ್ಪತ್ರೆಯಲ್ಲೋ?" 1990ರ ಸುಮಾರಿಗೆ ಆ ದೇಶದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಗು ಮನೆಯಲ್ಲೇ ಹುಟ್ಟುತ್ತಿತ್ತು. ಈಗ ಕಡಿಮೆಯಾಗಿದೆ, ಆದರೂ ಬೇನೆ ಅನ್ನುವುದು ಮೈಯ ಕೆಲಸ, ಅದಕ್ಕೇಕೆ ಔಷಧಿ ಅನ್ನುವ ಮನಸ್ಸು ಹೋಗಿಲ್ಲ. ಹೆಂಗಸು ಕೇಳಿದಳು ಅನ್ನುವುದೇ ನೋವು ನಿವಾರಣೆಗೆ ಸಾಕಾದ ಕಾರಣ ಅಂತ ಅಲ್ಲಿನ ವೈದ್ಯರು ಮಾರ್ಗಸೂಚಿ ಬರೆದುಕೊಂಡದ್ದೇ 2008ರಲ್ಲಿ.

ಅಲ್ಲಿ ಗರ್ಭಿಣಿಯರಿಗೆ ನಡೆಸುವ ತರಗತಿಯಲ್ಲಿ ನನ್ನ ಪಕ್ಕ ಒಬ್ಬ ಫ್ರೆಂಚ್ ಹುಡುಗಿ ಕೂರುತ್ತಿದ್ದಳು. ಅವರ ದೇಶದಲ್ಲಿ ಹತ್ತರಲ್ಲಿ ಎಂಟು ಮಂದಿ ಎಪಿಡ್ಯೂರಲ್, ಅಂದರೆ ಹೆರಿಗೆ ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಆ ಇಂಜೆಕ್ಷನ್, ತೆಗೆದುಕೊಳ್ಳುತ್ತಾರೆ. ಇದರಲ್ಲಿ ಯೋಚಿಸುವುದೇನಿದೆ ಅಂತ ಅವಳಿಗೆ ಅಚ್ಚರಿ. ಜಪಾನಿನವಳೊಬ್ಬಳು ಇದ್ದಳು. ನೋವುಂಡು ಹೆತ್ತರೇ ಮಗುವಿನ ಮೇಲೆ ಮಮತೆ ಗಟ್ಟಿ ಅಂತ ಅವಳ ಅತ್ತೆ ಹೇಳುತ್ತಾರಂತೆ. ನಮ್ಮ ಬೀದಿಯ ಹಿರಿಯರ ಮಾತನ್ನೇ ಬೇರೆ ಭಾಷೆಯಲ್ಲಿ ಕೇಳಿದಂತಾಯಿತು.

ಬೇನೆ ಶುರುವಾದಾಗ ಆ ಸೂಲಗಿತ್ತಿ ಮನೆಗೇ ಬಂದಳು. ಸೊಂಟದ ಕೆಳಗೆ ಎರಡೂ ಮುಂಗೈ ಒತ್ತಿ ಹಿಡಿದು, ಒಂದೊಂದು ಬೇನೆ ಇಳಿಯುವವರೆಗೂ ಬಿಡಲಿಲ್ಲ. ಆಗ ನನಗೆ ನೆನಪಾದವರು ಪಾವಗಡದ ಸೂಲಗಿತ್ತಿ ನರಸಮ್ಮ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದವರು. ಅವರಂಥವರ ಹೆರಿಗೆಯಲ್ಲಿ ನೋವಿತ್ತು, ನೋವಿನ ಜೊತೆಗೆ ಬೆನ್ನ ಮೇಲೊಂದು ಕೈಯೂ ಇತ್ತು. ಮೈಸೂರಿನ ಆ ಕೋಣೆಯಲ್ಲಿ ಕೈ ಇರಲಿಲ್ಲ, ನೋವನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದರು. ಅದನ್ನು ಸಹಜ ಹೆರಿಗೆ ಅಂತ ಕರೆದರೆ ನಾನು ಒಪ್ಪುವುದಿಲ್ಲ.

ಆರು ಗಂಟೆ ಕಳೆದ ಮೇಲೆ ಸಾಕು ಅಂದೆ. ಅವಳು ಒಂದೂ ಪ್ರಶ್ನೆ ಕೇಳದೆ ಆಸ್ಪತ್ರೆಗೆ ಫೋನ್ ಮಾಡಿದಳು. ಎಪಿಡ್ಯೂರಲ್ ಕೊಡುವುದು ಅರಿವಳಿಕೆ ವೈದ್ಯರು, ಮನೆಯಲ್ಲಿ ಆಗುವ ಕೆಲಸವಲ್ಲ. ಬೆಕ್ಕಿನ ಹಾಗೆ ಬೆನ್ನು ಬಗ್ಗಿಸಿ ಕೂರಬೇಕು, ಬೇನೆ ಬಂದರೂ ಅಲುಗಬಾರದು. ತಣ್ಣನೆಯ ದ್ರವ ಹಚ್ಚಿದರು, ಚುಚ್ಚಿದ್ದು ಸ್ವಲ್ಪ ಗೊತ್ತಾಯಿತು, ಆಮೇಲೆ ಸೂಜಿ ತೆಗೆದು ಕೂದಲಿನಷ್ಟು ಸಣ್ಣ ನಳಿಕೆಯನ್ನು ಅಲ್ಲೇ ಬಿಟ್ಟರು. ಇಪ್ಪತ್ತು ನಿಮಿಷದಲ್ಲಿ ಕಾಲು ಬೆಚ್ಚಗಾದವು. ಬಿಪಿ ಒಮ್ಮೆ ಇಳಿಯಿತು, ಮೈ ತುರಿಸಿತು, ಕೊನೆಯಲ್ಲಿ ಮುಕ್ಕಲು ಹೆಚ್ಚು ಹೊತ್ತೂ ಹಿಡಿಯಿತು. ಇದನ್ನೆಲ್ಲ ಅವರು ಮೊದಲೇ ಹೇಳಿದ್ದರು.

"ಬೆನ್ನಿಗೆ ಸೂಜಿ ಬೇಡ ಕಣೆ, ಜೀವಮಾನವಿಡೀ ಸೊಂಟನೋವು" ಅನ್ನುತ್ತಿದ್ದ ಅಮ್ಮ ಪಕ್ಕದಲ್ಲೇ ಇದ್ದರು. ಎಪಿಡ್ಯೂರಲ್‌ನಿಂದ ಶಾಶ್ವತ ಸೊಂಟನೋವು ಬರುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ ಅಂತ ಡಾಕ್ಟರು ಹೇಳಿದ್ದನ್ನು ನಾನೇ ಕನ್ನಡದಲ್ಲಿ ಹೇಳಿದ್ದೆ. ಅವರು ನಂಬಿರಲಿಲ್ಲ. ಆಮೇಲೆ ನಾನು ನಿದ್ದೆ ಹೋದೆ. ಎಚ್ಚರವಾದಾಗ ಅಮ್ಮ ಮಾನಿಟರಿನಿಂದ ಇಳಿಯುತ್ತಿದ್ದ ಕಾಗದ ಹಿಡಿದು, ಬೇನೆಯ ಗುಡ್ಡಗಳನ್ನು ಬೆರಳಿಟ್ಟು ಎಣಿಸುತ್ತಿದ್ದರು. "ಇಷ್ಟು ದೊಡ್ಡದು ಬಂತಲ್ಲೇ, ನೀನು ಗೊರಕೆ ಹೊಡೀತಿದ್ದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ನನ್ನನ್ನು ಹೆರುವಾಗ ಸೆರಗು ಕಚ್ಚಿ ಕಚ್ಚಿ ಹರಿದುಹೋದ ಕತೆ ಹೇಳಿದರು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಮಗಳು ಹುಟ್ಟಿದ ಮೇಲೆ ಅಲ್ಲಿನ ಪದ್ಧತಿಯಂತೆ ರಸ್ಕಿನ ಮೇಲೆ ಗುಲಾಬಿ ಬಿಳಿ ಕಾಳು ಉದುರಿಸಿ ಕೊಟ್ಟರು. ಅಮ್ಮ ಒಂದು ಕಾಳು ಕಚ್ಚಿ ನೋಡಿ, "ಸೋಂಪಿನ ಹಾಗಿದೆಯಲ್ಲೇ! ಹಾಲು ಬರಲಿ ಅಂತ" ಅಂದರು.

ಹಾಸನದ ಫೋನು ಬಂದ ದಿನ ಅಮ್ಮ ನಮ್ಮ ಮನೆಯಲ್ಲೇ ಇದ್ದರು. ನಾನು ಉತ್ತರ ಹೇಳುವ ಮೊದಲೇ ಕೈಚಾಚಿ ಫೋನ್ ಇಸಕೊಂಡರು. "ತಪ್ಪೇನು ತಿಳ್ಕೋತಾರೆ? ನಾಳೆ ಚೆಕಪ್ಪಿಗೆ ಹೋದಾಗಲೇ ಕೇಳು. ರಾತ್ರಿ ಹೊತ್ತು ಅರಿವಳಿಕೆ ಡಾಕ್ಟರು ಇರ್ತಾರಾ ಅಂತಲೂ ಕೇಳು. ಇಲ್ಲ ಅಂದ್ರೆ ಬೇರೆ ಎಲ್ಲಿ ಇರ್ತಾರೆ ಅಂತ ಈಗಲೇ ವಿಚಾರಿಸಿಡು."