ಬಿಸಿಲು ಸರಿದಂಗೆ ಕಲ್ಲೂ ಸರೀತು: ವೆಸ್ಟಾ ಡೇಟಾ ಜೊತೆ ನನ್ನ ಎಡವಟ್ಟು

ನನ್ನ ಕೆಲಸ ಏನು ಅಂತ ಯಾರಾದ್ರೂ ಕೇಳಿದ್ರೆ "ಕಲ್ಲು ನೋಡೋದು" ಅಂತೀನಿ, ಆದ್ರೆ ಕಲ್ಲನ್ನ ಕೈಲಿ ಮುಟ್ಟೋ ಭಾಗ್ಯ ಇಲ್ಲ. ನಾಸಾದ ಡಾನ್ ನೌಕೆ 2011ರ ಜುಲೈಯಿಂದ 2012ರ ಸೆಪ್ಟೆಂಬರ್ ತನಕ ವೆಸ್ಟಾ ಸುತ್ತ ಸುತ್ತಿ ಕಳಿಸಿದ ಸ್ಪೆಕ್ಟ್ರಮ್ ಡೇಟಾ (ಯಾವ ತರಂಗದಲ್ಲಿ ಎಷ್ಟು ಬೆಳಕು ಬಂತು ಅನ್ನೋ ಲೆಕ್ಕ) ಕ್ಲೀನ್ ಮಾಡಿ, ಯಾವ ಜಾಗದಲ್ಲಿ ಯಾವ ಥರದ ಕಲ್ಲಿದೆ ಅಂತ ಮ್ಯಾಪ್ ಹಾಕೋದು, ಇಷ್ಟೇ.

ವೆಸ್ಟಾ ಗೊತ್ತಿಲ್ಲದೋರಿಗೆ: ಮಂಗಳ ಗುರು ನಡುವಿನ ಪಟ್ಟಿಲಿರೋ ದೊಡ್ಡ ಕ್ಷುದ್ರಗ್ರಹಗಳಲ್ಲಿ ಒಂದು, ಸರಾಸರಿ ವ್ಯಾಸ ಸುಮಾರು 525 ಕಿ.ಮೀ. ಹುಟ್ಟಿದ ಹೊಸದ್ರಲ್ಲಿ ಅಲ್ಯುಮಿನಿಯಂ-26 ಅನ್ನೋ ವಿಕಿರಣಶೀಲ ಧಾತುವಿನ ಶಾಖಕ್ಕೆ ಒಳಗೆಲ್ಲಾ ಕರಗಿ, ಕಬ್ಬಿಣ ತಳಕ್ಕಿಳಿದು, ಮೇಲೆ ಲಾವಾ ಹರಿದು ಗಟ್ಟಿಯಾಯ್ತು. ಆ ಧಾತುವಿನ ಅರ್ಧಾಯು ಸುಮಾರು 7 ಲಕ್ಷ ವರ್ಷ, ಅಂದ್ರೆ ಒಲೆ ಬೇಗ ಆರಿಹೋಯ್ತು, ಜ್ವಾಲಾಮುಖಿ ಕಥೆಯೆಲ್ಲಾ ಸುಮಾರು 450 ಕೋಟಿ ವರ್ಷದ ಹಿಂದಿನ ಮಾತು. ಆಮೇಲೆ ಏಟಿನ ಮೇಲೆ ಏಟು ಬಿದ್ದು ಮೇಲ್ಮೈ ಪುಡಿಪುಡಿ, ಇದೇ ಜ್ವಾಲಾಮುಖಿ ಬಾಯಿ ಅಂತ ಬೆರಳಿಟ್ಟು ತೋರ್ಸೋಕೆ ಏನೂ ಉಳ್ದಿಲ್ಲ. ಅದಕ್ಕೇ ನಮಗೆ ಆಕಾರಕ್ಕಿಂತ ಬಣ್ಣವೇ ಗತಿ.

ಬಣ್ಣ ಅಂದ್ರೆ ಕಣ್ಣಿಗೆ ಕಾಣೋದಲ್ಲ. ಪೈರಾಕ್ಸೀನ್ ಅನ್ನೋ ಖನಿಜ 0.9 ಮತ್ತು 1.9 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತರಂಗದ ಆಸುಪಾಸು ಬೆಳಕನ್ನ ಹೀರ್ಕೊಳುತ್ತೆ, ಗ್ರಾಫಲ್ಲಿ ಎರಡು ತಗ್ಗು ಬಿದ್ದಂಗೆ ಕಾಣುತ್ತೆ. ಕಬ್ಬಿಣ, ಕ್ಯಾಲ್ಸಿಯಂ ಜಾಸ್ತಿ ಇದ್ರೆ ತಗ್ಗು ಉದ್ದ ತರಂಗದ ಕಡೆ ಜರುಗುತ್ತೆ, ಅದು ಯೂಕ್ರೈಟ್, ಮೇಲ್ಮೈಲೋ ಸ್ವಲ್ಪ ಕೆಳಗೋ ಆರಿದ ಬಸಾಲ್ಟ್. ಮೆಗ್ನೀಸಿಯಂ ಜಾಸ್ತಿ ಇದ್ರೆ ಉಲ್ಟಾ ದಿಕ್ಕು, ಅದು ಡಯೋಜನೈಟ್, ಆಳದಲ್ಲಿ ನಿಧಾನಕ್ಕೆ ಆರಿದ್ದು. ಎರಡೂ ಪುಡಿಯಾಗಿ ಬೆರೆತ್ರೆ ಹೋವರ್ಡೈಟ್, ವೆಸ್ಟಾ ಮೇಲೆ ಬಹುಪಾಲು ಇದೇ. ಇವೆಲ್ಲಾ ಭೂಮಿಗೆ ಬಿದ್ದ ಉಲ್ಕಾಶಿಲೆಗಳಿಗೆ ಇಟ್ಟ ಹೆಸರು, 1970ರಲ್ಲೇ ದೂರದರ್ಶಕದಲ್ಲಿ ನೋಡಿದ ವೆಸ್ಟಾ ಬೆಳಕು ಯೂಕ್ರೈಟ್‌ಗೆ ತಾಳೆ ಆಗಿತ್ತು.

ಈಗ ನನ್ನ ಕಥೆ. ಸಮಭಾಜಕದ ಹತ್ರ ಒಂದು ಸಣ್ಣ ಕುಳಿ, ಅದರ ಒಂದು ಗೋಡೆ ಪೂರ್ತಿ ಡಯೋಜನೈಟ್, ಎದುರು ಗೋಡೆ ಯೂಕ್ರೈಟ್ ಕಡೆಗೆ. ಮಧ್ಯೆ ಚಾಕುವಲ್ಲಿ ಕೊಯ್ದಂಗೆ ಗೆರೆ. ಡಯೋಜನೈಟ್ ಚೆನ್ನಾಗಿ ಕಾಣೋದು ದಕ್ಷಿಣದಲ್ಲಿ, 500 ಕಿ.ಮೀ. ಅಗಲದ ರಿಯಾಸಿಲ್ವಿಯಾ ಕುಳಿ ಆಳಕ್ಕೆ ಅಗೆದು ಎರಚಿರೋ ಕಡೆ, ಇಲ್ಲಿ ಇಷ್ಟು ಪುಟ್ಟ ಕುಳಿಲಿ ಹೆಂಗೆ ಬಂತು ಅಂತ ನಂಗೆ ರಾತ್ರಿ ನಿದ್ದೆ ಇಲ್ಲ. ಲಾವಾ ಪದರದ ಕೆಳಗಿನ ಬಂಡೆ ಇಣುಕ್ತಿದೆ ಅಂತ ಮೂರು ಸ್ಲೈಡ್ ಮಾಡ್ಬಿಟ್ಟೆ, ಗ್ರೂಪಿಗೆಲ್ಲಾ ಮೇಲ್ ಕೂಡ ಹಾಕ್ದೆ.

ನಮ್ಮ ಸೀನಿಯರ್ ಮೇಡಂ ಸ್ಲೈಡ್ ನೋಡಿ ಒಂದೇ ಪ್ರಶ್ನೆ ಕೇಳಿದ್ರು, "ಇದೇ ಕುಳಿನ ಬಿಸಿಲು ಆ ಕಡೆಯಿಂದ ಬಿದ್ದಾಗ ನೋಡಿದ್ಯಾ?"

ನೋಡಿರ್ಲಿಲ್ಲ. ನೌಕೆ ಅದೇ ಜಾಗದ ಮೇಲೆ ಬೇರೆ ಹೊತ್ತಲ್ಲಿ ಹಾದುಹೋದಾಗ ತೆಗೆದ ಇನ್ನೊಂದು ಪಾಸ್ ಹಾಕಿ ನೋಡಿದ್ರೆ, ಡಯೋಜನೈಟ್ ಎದುರು ಗೋಡೆಗೆ ಹೋಗಿ ಕೂತಿತ್ತು. ಕಲ್ಲಿಗೆ ಕಾಲು ಬಂದಿತ್ತು! ನಾಚಿಕೆ ಆಯ್ತು.

ಆಗಿದ್ದಿಷ್ಟೇ. ಪೈರಾಕ್ಸೀನ್ ತಗ್ಗುಗಳು ತಂಪಾದಾಗಲೂ ಜರುಗ್ತವೆ, ಅದ್ರಲ್ಲೂ ಎರಡನೇದು ಗಿಡ್ಡ ತರಂಗದ ಕಡೆಗೆ, 100 ಡಿಗ್ರಿ ಕಮ್ಮಿ ಆದ್ರೆ ಹೆಚ್ಚುಕಮ್ಮಿ 0.02 ಮೈಕ್ರಾನ್. ಅದು ಮೆಗ್ನೀಸಿಯಂ ಹೆಚ್ಚಾದಾಗ ಜರುಗೋ ದಿಕ್ಕೇ. ನಾನು ಹೋಲಿಸ್ತಿದ್ದಿದ್ದು ಲ್ಯಾಬಲ್ಲಿ ಮಾಮೂಲಿ ರೂಮ್ ಟೆಂಪರೇಚರಲ್ಲಿ ಅಳೆದ ಸ್ಪೆಕ್ಟ್ರಮ್ ಜೊತೆ, ಓರೆ ಬಿಸಿಲಿನ ಗೋಡೆ ಅದಕ್ಕಿಂತ ಎಷ್ಟೋ ತಣ್ಣಗಿತ್ತು. ಜರುಗಿದ್ದು ಕೂದಲೆಳೆಯಷ್ಟೇ, ಆದ್ರೆ ಹೋವರ್ಡೈಟ್ ಜಾಗ ಅಂದ್ರೆ ಪಿಕ್ಸೆಲ್ಲೆಲ್ಲಾ ಗಡಿ ಮೇಲೇ ನಿಂತಿರ್ತವೆ, ಸ್ವಲ್ಪ ತಳ್ಳಿದ್ರೆ ಆ ಕಡೆ ಬೀಳ್ತವೆ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಮೇಲ್ಮೈ ಎಷ್ಟು ಬೆಚ್ಚಗಿದೆ ಅನ್ನೋದು ಅದೇ ಫೈಲಲ್ಲೇ ಇರುತ್ತೆ, 4.5 ಮೈಕ್ರಾನ್ ದಾಟಿದ್ಮೇಲೆ ವೆಸ್ಟಾ ತನ್ನ ಸ್ವಂತ ಶಾಖನ ಹೊರಗೆ ಬಿಡೋದು ಕಾಣುತ್ತೆ, ಉಪಕರಣ 5 ಮೈಕ್ರಾನ್ ತನಕ ಅಳೆದಿದೆ. ನಾನು ಫೈಲ್ ಭಾರ ಆಗ್ತಿದೆ ಅಂತ 2.5 ಆಚೆಗಿನದನ್ನ ಮೊದಲ ದಿನವೇ ಕತ್ತರಿಸಿ ಎಸೆದಿದ್ದೆ, ಪೈರಾಕ್ಸೀನ್ ನೋಡೋಕೆ ಅದ್ಯಾಕೆ ಬೇಕು ಅಂತ.

ಮೂಲ ಡೇಟಾ ವಾಪಸ್ ಇಳಿಸ್ಕೊಂಡು, ಪ್ರತಿ ಪಿಕ್ಸೆಲ್ಲಿಗೂ ಟೆಂಪರೇಚರ್ ಲೆಕ್ಕ ಹಾಕಿ, ತಿದ್ದಿ, ಮತ್ತೆ ಮ್ಯಾಪ್ ಹಾಕೋಕೆ ಹನ್ನೊಂದು ದಿನ ಹಿಡೀತು. ಗೆರೆ ಮಾಯ. ಎರಡೂ ಗೋಡೆ ಒಂದೇ ಹೋವರ್ಡೈಟ್.

ಆಲಿವಿನ್ ಅಂತ ಒಂದು ಖನಿಜ, ಆಳದಲ್ಲಿರುತ್ತೆ ಅಂತ ಲೆಕ್ಕ, ಅದರ ಕಥೆನೂ ಹಿಂಗೇ ಮನುಷ್ಯರ ಕಾಲೆಳೆದಿದೆ ಬಿಡಿ. ಅಷ್ಟು ಆಳ ಅಗೆದ ರಿಯಾಸಿಲ್ವಿಯಾದಲ್ಲೇ ಅದು ಸಿಗಬೇಕು ಅಂತ ಎಲ್ಲರ ಲೆಕ್ಕ, ಆದ್ರೆ 2013ರಲ್ಲಿ ಪ್ರಕಟ ಆಗಿದ್ದು ಉತ್ತರದ ಅರುಂಶಿಯಾ, ಬೆಲಿಸಿಯಾ ಕುಳಿಗಳ ಹತ್ರ ಸಿಕ್ತು ಅಂತ.

ಈಗ ನಮ್ಮ ಸ್ಕ್ರಿಪ್ಟಲ್ಲಿ ಒಂದು ಸಾಲು ಸೇರಿದೆ, ಬೇರೆ ಬಿಸಿಲಿನ ಎರಡು ಪಾಸ್ ಇಲ್ಲದಿದ್ರೆ ಮ್ಯಾಪೇ ಬರಲ್ಲ, ಎರರ್ ಕೊಟ್ಟು ನಿಲ್ಲುತ್ತೆ. ಅದನ್ನ ಬರೆದಿದ್ದು ನಾನೇ, ಪಕ್ಕದಲ್ಲಿ ಆ ಕುಳಿಯ ನಂಬರ್ ಕಾಮೆಂಟ್ ಹಾಕಿದೀನಿ. ಹೊಸದಾಗಿ ಸೇರಿದ ಹುಡುಗ ಮೊನ್ನೆ ಕೇಳ್ದ, "ಸರ್, ಇದ್ಯಾಕೆ ಇಷ್ಟು ಕಿರಿಕಿರಿ, ತೆಗೆದ್ಬಿಡ್ಲಾ?" ಆ ಹಳೇ ಮೇಲ್ ಹುಡುಕಿ ಅವನಿಗೆ ಫಾರ್ವರ್ಡ್ ಮಾಡ್ದೆ.